ಕುದುರೆ ಮುಟ್ಟಿದ ವಿಡಿಯೋ

ಚಾಳೀಸು: ಆಗಲ್ಲ ಅಂತ ಒಂದು ಸಲ ಬಾಯ್ಬಿಟ್ಟು ಹೇಳ್ಬಿಡು ಮಾರಾಯ. ನಾನು ಎದ್ದು ಮನೆಗೆ ಹೋಗ್ತೀನಿ.

ಇನ್‌ಸ್ಪೆಕ್ಟರ್: ಆಗಲ್ಲ ಅಂತ ಯಾರು ಹೇಳಿದ್ರು? ಕಾರ್ಡು ದೊಡ್ಡದು, ತೂತು ಚಿಕ್ಕದು ಅಂದೆ. ಎರಡಕ್ಕೂ ವ್ಯತ್ಯಾಸ ಇಲ್ವಾ?

ಚಾಳೀಸು: ಬುಧವಾರ ಕ್ಲಬ್ಬಲ್ಲಿ ಹದಿನಾಲ್ಕು ಜನರ ಮುಂದೆ ಏನಂದೆ? ‘ನನ್ನ ಮೆಷಿನ್ನಲ್ಲಿ ಲಿನಕ್ಸ್ ಇದೆ, ಇದರಲ್ಲಿ ಓಡದೇ ಇರೋ ವಿಡಿಯೋ ಇನ್ನೂ ಹುಟ್ಟಿಲ್ಲ’ ಅಂದ್ಯೋ ಇಲ್ವೋ?

ಇನ್‌ಸ್ಪೆಕ್ಟರ್: ಅಂದೆ. ಏನೀಗ?

ಚಾಳೀಸು: ಹುಟ್ಟಿದೆ. ಹನ್ನೊಂದು ವರ್ಷದ ಹಿಂದೆಯೇ ಹುಟ್ಟಿದೆ. ತಗೋ, ಓಡಿಸು.

ಇನ್‌ಸ್ಪೆಕ್ಟರ್ ಅಂದಕೂಡಲೆ ಯಾರೂ ಹೆದರಬೇಕಾಗಿಲ್ಲ. ಪೊಲೀಸಿನವರಲ್ಲ, ಲಿಫ್ಟಿನವರು. ಎತ್ತರದ ಕಟ್ಟಡಗಳಿಗೆ ಹೋಗಿ, ಲಿಫ್ಟಿನೊಳಗೆ ನಿಂತು ಎರಡು ಸಲ ಕುಪ್ಪಳಿಸಿ, ಮುಚ್ಚುವ ಬಾಗಿಲಿಗೆ ಕೈ ಅಡ್ಡ ಹಿಡಿದು, ಕೈಯೂ ಲಿಫ್ಟೂ ಎರಡೂ ಉಳಿದರೆ ಸಹಿ ಹಾಕಿ ಬರುವುದು ಅವರ ಕೆಲಸ. ಆರು ತಿಂಗಳ ಹಿಂದೆ ಕೈಯಲ್ಲಿ ಹಿಡಿದು ಆಡುವ ಗೇಮಿನ ಯಂತ್ರವೊಂದನ್ನು ತಂದಿದ್ದರು. ಎರಡು ಅಂಗೈ ಅಗಲದ ಪರದೆ, ಆಚೆ ಈಚೆ ಗುಂಡಿಗಳು, ಹೆಬ್ಬೆರಳಿಗೆ ಎರಡು ಪುಟ್ಟ ಕೋಲು. ತಂದ ದಿನವೇ ಹೆಂಡತಿಯನ್ನು ಕೂರಿಸಿಕೊಂಡು, ಇದು ಆಟದ ಸಾಮಾನಲ್ಲ, ಒಳಗಿರುವುದು ದೊಡ್ಡ ದೊಡ್ಡ ಕಂಪ್ಯೂಟರುಗಳನ್ನು ನಡೆಸುವ ಲಿನಕ್ಸು, ಇದು ಪೂರ್ತಿ ಕಂಪ್ಯೂಟರು ಎಂದು ಪಾಠ ಹೇಳಿದ್ದರು. ಅಂದಿನಿಂದ ಆ ಪೂರ್ತಿ ಕಂಪ್ಯೂಟರಿನಲ್ಲಿ ಅವರು ಮಾಡಿದ ಘನಂದಾರಿ ಕೆಲಸವೆಂದರೆ ಕಾರು ಓಡಿಸಿ ಗೋಡೆಗೆ ಗುದ್ದಿದ್ದು ಒಂದೇ.

ಚಾಳೀಸು ಕನ್ನಡಕದ ಅಂಗಡಿ ಇಟ್ಟವನು. ನಾಲ್ಕನೇ ಕ್ಲಾಸಿನಲ್ಲೇ ಮೂಗಿನ ಮೇಲೆ ಕನ್ನಡಕ ಬಂದು ಕೂತದ್ದರಿಂದ ಈ ಹೆಸರು ಅಂಟಿಕೊಂಡಿತ್ತು. ಅಂಟಿಸಿದವರು ಇದೇ ಇನ್‌ಸ್ಪೆಕ್ಟರು. ಸ್ನೇಹ ಅಷ್ಟು ಹಳೆಯದು, ಜಗಳ ಮಾತ್ರ ಹನ್ನೊಂದು ವರ್ಷದ್ದು.

ಜಗಳದ ವಿಷಯ ಇನ್‌ಸ್ಪೆಕ್ಟರ ಮನೆಯಲ್ಲಿ, ಅವರೆದುರಿನ ಗಾಜಿನ ಬೀರುವಿನಲ್ಲೇ ಇತ್ತು: ಚೆಸ್ ಕ್ಲಬ್ಬಿನ ಚಾಂಪಿಯನ್ ಕಪ್ಪು. ಅಂದು ಫೈನಲ್ಲಿನಲ್ಲಿ ಇನ್‌ಸ್ಪೆಕ್ಟರು ಆನೆಯನ್ನು ನಡೆಸಿ ಚಾಳೀಸಿನ ರಾಜನನ್ನು ಕಟ್ಟಿಹಾಕಿದ್ದರು. ಆದರೆ ಆನೆಗೆ ಕೈ ಹಾಕುವ ಮುಂಚೆ ಅವರು ಕುದುರೆಯನ್ನು ಮುಟ್ಟಿದರು ಎಂಬುದು ಚಾಳೀಸಿನ ವಾದ. ಮುಟ್ಟಿದ ಕಾಯನ್ನೇ ನಡೆಸಬೇಕು, ಇದು ಕ್ಲಬ್ಬಿನ ನಿಯಮ. ಕುದುರೆ ನಡೆಸಿದ್ದರೆ ಇನ್‌ಸ್ಪೆಕ್ಟರ ಮಂತ್ರಿ ಹೋಗುತ್ತಿತ್ತು, ಆಟವೂ ಹೋಗುತ್ತಿತ್ತು. ಅಲ್ಲಿದ್ದ ಮೂರನೆಯವನೆಂದರೆ ಅಂಪೈರ್ ಆಗಿದ್ದ ಕ್ಲಬ್ಬಿನ ಕಾರ್ಯದರ್ಶಿ ಒಬ್ಬನೇ, ಅವನು ಆ ಹೊತ್ತಿನಲ್ಲಿ ಕೂತಲ್ಲೇ ತೂಕಡಿಸುತ್ತಿದ್ದ. ಅವನೇ ಸ್ಟ್ಯಾಂಡಿಗೆ ಸಿಕ್ಕಿಸಿ ಮರೆತಿದ್ದ ಹಳೇ ಕ್ಯಾಮೆರಾದ ಕಾರ್ಡು ಮೊನ್ನೆ ಅವನು ಮನೆ ಬದಲಾಯಿಸುವಾಗ ಸಿಕ್ಕಿ ಚಾಳೀಸಿನ ಕೈ ಸೇರಿತು. ಅಂಗಡಿಯ ಕಂಪ್ಯೂಟರಿನಲ್ಲೂ ಫೋನಿನಲ್ಲೂ ಆ ವಿಡಿಯೋ ತೆರೆಯಲಿಲ್ಲ. ಆಗ ಚಾಳೀಸಿಗೆ ಗೆಳೆಯನ ಬಡಾಯಿ ನೆನಪಾಯಿತು.

ಕ್ಲಬ್ಬಿಗೆಲ್ಲ ಗೊತ್ತಾಗುವಂತೆ ಪಂದ್ಯದ ಮಾತು ಆಗಲೇ ಆಗಿಬಿಟ್ಟಿತ್ತು. ಮುಟ್ಟಿದ್ದು ವಿಡಿಯೋದಲ್ಲಿ ಕಂಡರೆ ಕಪ್ಪು ಚಾಳೀಸಿನ ಅಂಗಡಿಗೆ. ವಿಡಿಯೋ ಓಡದಿದ್ದರೆ ಬರುವ ಬುಧವಾರ ಇನ್‌ಸ್ಪೆಕ್ಟರು ಕ್ಲಬ್ಬಿನಲ್ಲಿ ಎದ್ದು ನಿಂತು ‘ಇದು ಮಕ್ಕಳಾಟದ ಸಾಮಾನು’ ಎಂದು ಹೇಳಬೇಕು.

ಸತ್ಯ ಹೇಳಬೇಕೆಂದರೆ, ಇನ್‌ಸ್ಪೆಕ್ಟರು ಮುಟ್ಟಿದ್ದರು. ಬಲಗೈ ಕಿರುಬೆರಳು, ಕುದುರೆಯ ಕಿವಿ. ಚಾಳೀಸನ್ನು ಬಿಟ್ಟರೆ ಇದು ಪ್ರಪಂಚದಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಹಾಗಾಗಿ ಕಾರ್ಡು ತೂತಿಗೆ ಹೋಗುವುದಿಲ್ಲ ಎಂದು ಕಂಡಾಗ ಅವರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು.

ಇನ್‌ಸ್ಪೆಕ್ಟರ್: ಇದು ನನ್ನ ಮೆಷಿನ್ ತಪ್ಪಲ್ಲ ನೋಡು. ಕಾರ್ಡೇ ಓಬೀರಾಯನ ಕಾಲದ್ದು.

ಚಾಳೀಸು: ಗೊತ್ತಿತ್ತು ನೀನು ಹೀಗನ್ನುತ್ತೀಯ ಅಂತ. ಅದಕ್ಕೇ ಕಾರ್ಡ್ ಸಿಕ್ಕಿಸೋ ರೀಡರು, ಕೇಬಲ್ಲು ಎರಡೂ ತಂದಿದೀನಿ.

ಅವನು ಜೇಬಿನಿಂದ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ. ಇನ್‌ಸ್ಪೆಕ್ಟರ ಹೊಟ್ಟೆಯೊಳಗಿನ ಹಾಲು ಅಲ್ಲೇ ಒಡೆಯಿತು.

ಇನ್‌ಸ್ಪೆಕ್ಟರ್: ಚಾರ್ಜ್ ಬೇರೆ ಹನ್ನೆರಡೇ ಪರ್ಸೆಂಟ್ ಇದೆ. ಕೇಬಲ್ ಚುಚ್ಚೋಕೆ ಇರೋದು ಒಂದೇ ತೂತು. ಚಾರ್ಜರ್ ಹಾಕಿದ್ರೆ ಕಾರ್ಡ್ ಹಾಕೋ ಹಾಗಿಲ್ಲ, ಕಾರ್ಡ್ ಹಾಕಿದ್ರೆ ಚಾರ್ಜರ್ ಹಾಕೋ ಹಾಗಿಲ್ಲ. ಮುಂದಿನ ಭಾನುವಾರ ನೋಡೋಣ್ವಾ?

ಟೀಚರ್: ಮೊದಲು ವಿಡಿಯೋನ ಮೆಷಿನ್ ಒಳಗೆ ಕಾಪಿ ಮಾಡ್ಕೊಳ್ಳಿ. ಆಮೇಲೆ ಕಾರ್ಡ್ ತೆಗೆದು ಚಾರ್ಜರ್ ಹಾಕಿ.

ಇದು ಇನ್‌ಸ್ಪೆಕ್ಟರ ಹೆಂಡತಿ. ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಊಟದ ಮೇಜಿನ ಮೇಲೆ ಎಂಟನೇ ಕ್ಲಾಸಿನ ಉತ್ತರ ಪತ್ರಿಕೆಗಳ ರಾಶಿ ಹಾಕಿಕೊಂಡು, ಕೆಂಪು ಪೆನ್ನು ಹಿಡಿದು, ತಲೆ ಎತ್ತದೆ ಕೂತಿದ್ದರು.

ಇನ್‌ಸ್ಪೆಕ್ಟರ್: ನಿನಗೆ ಇದೆಲ್ಲ ಯಾರೇ ಹೇಳಿಕೊಟ್ರು?

ಟೀಚರ್: ನೀವೇ. ತಂದ ದಿನ ಎರಡೂವರೆ ಗಂಟೆ ಹೇಳಿದ್ರಲ್ಲ. ಬೇಡ ಅಂದ್ರೂ ಬಿಡಲಿಲ್ಲ.

ಕಾಪಿ ಆಯಿತು. ಚಾರ್ಜರೂ ಬಂದು ಸಿಕ್ಕಿಕೊಂಡಿತು. ಇನ್‌ಸ್ಪೆಕ್ಟರು ಡೆಸ್ಕ್‌ಟಾಪ್ ಮೋಡ್ ಎಂಬುದಕ್ಕೆ ಹೋದರು. ಕಾರಿನ ಚಿತ್ರಗಳು ಮಾಯವಾಗಿ ನಿಜವಾದ ಕಂಪ್ಯೂಟರಿನಂಥ ಪರದೆ ಬಂತು. ಚಾಳೀಸಿನ ಹುಬ್ಬು ಒಂದಿಷ್ಟು ಮೇಲೇರಿತು. ಅಷ್ಟಕ್ಕೇ ಇನ್‌ಸ್ಪೆಕ್ಟರ ಎದೆ ಉಬ್ಬಿತು. ಹಾಳು ಎದೆ, ಅದಕ್ಕೆ ಹೊತ್ತು ಗೊತ್ತು ಏನೂ ಇಲ್ಲ.

ಇನ್‌ಸ್ಪೆಕ್ಟರ್: ನೋಡಿದ್ಯಾ? ಆಟದ ಸಾಮಾನಲ್ಲಿ ಹೀಗೆಲ್ಲ ಬರುತ್ತಾ?

ಚಾಳೀಸು: ಬಂತಪ್ಪ, ಒಪ್ಪಿದೆ. ವಿಡಿಯೋ ಎಲ್ಲಿ?

ಇನ್‌ಸ್ಪೆಕ್ಟರ್: ಹಾಕ್ತೀನಿ ತಾಳು. ಹಾಕಿದೆ. ಅಯ್ಯೋ, ಪರದೆ ಪೂರ್ತಿ ಕತ್ತಲೆ.

ಕತ್ತಲೆಯೊಳಗಿಂದ ಸದ್ದು ಮಾತ್ರ ಬಂತು. ಇಬ್ಬರಲ್ಲಿ ಯಾರೋ ಕೆಮ್ಮಿದರು. ಕುರ್ಚಿ ಎಳೆದ ಸದ್ದಾಯಿತು. ಕಾರ್ಯದರ್ಶಿಯ ಗೊರಕೆ ಸಣ್ಣಗೆ ಕೇಳಿತು. ಇನ್‌ಸ್ಪೆಕ್ಟರು ಸ್ವಲ್ಪ ಮುಂದಕ್ಕೆ ಎಳೆದದ್ದೇ ತಡ, ಹನ್ನೊಂದು ವರ್ಷದ ಹಿಂದಿನ ಚಾಳೀಸು ಗಂಟಲು ಹರಿಯುವಂತೆ ಕಿರುಚಿದ: ‘ಮುಟ್ಟಿದ! ಕುದುರೆ ಮುಟ್ಟಿದ!’

ಚಾಳೀಸು: ಕೇಳ್ತಾ? ಅದು ನಾನೇ!

ಇನ್‌ಸ್ಪೆಕ್ಟರ್: ನೀನು ಅರಚಿದ್ದು ಯಾರಿಗೆ ಗೊತ್ತಿಲ್ಲ? ಅರಚಿದ್ದು ಸಾಕ್ಷಿ ಆಗುತ್ತಾ? ಚಿತ್ರ ಬೇಕು, ಚಿತ್ರ ಇಲ್ಲ. ಮುಗೀತು, ಕಾಫಿ ಕುಡಿದು ಹೊರಡು.

ಚಾಳೀಸು: ಸರಿ ಬಿಡು. ಪಾಪ, ಅದಾದ್ರೂ ಏನು ಮಾಡುತ್ತೆ? ಮಕ್ಕಳ ಕೈಗೆ ಕೊಡೋ ಸಾಮಾನು. ಬುಧವಾರ ನೀನು ನಾಲ್ಕು ಮಾತು ಹೇಳಿದ್ರೆ ಆಯ್ತು.

ಇನ್‌ಸ್ಪೆಕ್ಟರ್: ಏನಂದೆ? ಕೋಡೆಕ್ ಇಲ್ಲ ಅಷ್ಟೇ ಕಣೋ! ಒಂದು ಒಳ್ಳೇ ಪ್ಲೇಯರ್ ಹಾಕ್ಕೊಂಡ್ರೆ ಚಿತ್ರ ತಾನಾಗೇ ಬರುತ್ತೆ.

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡರು. ಹೇಳುವ ಮುಂಚೆ ಕಚ್ಚಿಕೊಳ್ಳುವ ಅಭ್ಯಾಸ ಅವರಿಗೆ ಯಾವತ್ತೂ ಇರಲಿಲ್ಲ.

ಚಾಳೀಸು: ಕೋಡೆಕ್ ಅಂದ್ರೆ?

ಇನ್‌ಸ್ಪೆಕ್ಟರ್: ನಿನ್ನ ಭಾಷೆಲೇ ಹೇಳ್ತೀನಿ. ಎದುರಿಗೆ ಅಕ್ಷರದ ಬೋರ್ಡ್ ಇದೆ, ಕಣ್ಣಿಗೆ ಗಾಜಿಲ್ಲ. ಗಾಜು ಹಾಕಿದ್ರೆ ಅಕ್ಷರ ಕಾಣುತ್ತೆ. ಆ ಗಾಜೇ ಕೋಡೆಕ್ಕು.

ಚಾಳೀಸು: ಹಾಗಾದ್ರೆ ಹಾಕಪ್ಪ ಗಾಜು. ಗಾಜು ಹಾಕಿಸ್ಕೊಳ್ಳೋಕೆ ಬಂದೋರನ್ನ ನಾನು ಯಾವತ್ತಾದ್ರೂ ಕಾಫಿ ಕುಡಿಸಿ ವಾಪಸ್ ಕಳಿಸಿದೀನಾ?

ಇನ್‌ಸ್ಪೆಕ್ಟರ್: ಹಾಕಬಹುದಿತ್ತು. ಆದರೆ ಇವತ್ತು ಬೆಳಗ್ಗೆಯಿಂದ ಇಂಟರ್‌ನೆಟ್ ಸರಿಯಿಲ್ಲ.

ಟೀಚರ್: ಚೆನ್ನಾಗೇ ಇದೆ. ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಈಗ ತಾನೇ ಕಳಿಸಿದೆ.

ಇನ್‌ಸ್ಪೆಕ್ಟರ್: ನೀನು ಪೇಪರ್ ನೋಡ್ತಿದೀಯೋ, ನನ್ನ ನೋಡ್ತಿದೀಯೋ?

ಟೀಚರ್: ಎರಡೂ. ಪೇಪರಲ್ಲೂ ಇದೇ ಥರ ಉತ್ತರಗಳು. ಲೆಕ್ಕ ಬಿಡಿಸೋಕೆ ಬರದೇ ಇದ್ರೆ ಪೆನ್ನಲ್ಲಿ ಇಂಕಿರಲಿಲ್ಲ ಅಂತ ಬರೀತಾವೆ.

ಚಾಳೀಸು ಮುಸಿಮುಸಿ ನಕ್ಕ. ಇನ್‌ಸ್ಪೆಕ್ಟರು ವಿಧಿಯಿಲ್ಲದೆ ಪ್ಲೇಯರ್ ಹುಡುಕಿ ‘ಹಾಕು’ ಎಂಬಲ್ಲಿ ಒತ್ತಿದರು. ಪರದೆಯಲ್ಲಿ ಒಂದು ಪೆಟ್ಟಿಗೆ ಎದ್ದು ಪಾಸ್‌ವರ್ಡ್ ಕೇಳಿತು. ದೇವರು ಕೊನೆಗೂ ಕಣ್ಣು ಬಿಟ್ಟ ಎಂದುಕೊಂಡರು.

ಇನ್‌ಸ್ಪೆಕ್ಟರ್: ಛೆ! ಪಾಸ್‌ವರ್ಡ್ ಮರೆತೇಹೋಗಿದೆ ಮಾರಾಯ. ಆರು ತಿಂಗಳ ಹಿಂದೆ ಹಾಕಿದ್ದು. ಇದು ಲಿನಕ್ಸು, ಭದ್ರ ಅಂದ್ರೆ ಭದ್ರ. ಇನ್ನು ಬ್ರಹ್ಮ ಬಂದ್ರೂ ತೆಗೆಯೋಕಾಗಲ್ಲ.

ಟೀಚರ್: ನಾನೇ ಚಾಂಪಿಯನ್.

ಚಾಳೀಸು: ಏನಂದ್ರಿ ಅತ್ತಿಗೆ?

ಟೀಚರ್: ಪಾಸ್‌ವರ್ಡ್. ‘ನಾನೇ ಚಾಂಪಿಯನ್.’ ಇಂಗ್ಲಿಷ್ ಅಕ್ಷರ, ಮಧ್ಯೆ ಜಾಗ ಬಿಡಬಾರದು. ಕರೆಂಟ್ ಬಿಲ್ಲಿಗೂ ಅದೇ, ಬ್ಯಾಂಕಿಗೂ ಅದೇ.

ಚಾಳೀಸು ಹೊಟ್ಟೆ ಹಿಡಿದುಕೊಂಡು ನಕ್ಕ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮತ್ತೆ ಹಾಕಿಕೊಂಡು, ಗೆಳೆಯನ ಮುಖ ನೋಡಿ ಮತ್ತೆ ನಕ್ಕ. ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಇನ್‌ಸ್ಪೆಕ್ಟರು ಅಕ್ಷರ ಒತ್ತತೊಡಗಿದರು. ಪರದೆಯ ಕೀಬೋರ್ಡು ಮೇಲೆದ್ದು ಬಂದು, ಬರೆಯಬೇಕಾದ ಜಾಗದ ಮೇಲೇ ಸರಿಯಾಗಿ ಕೂತುಬಿಟ್ಟಿತ್ತು.

ಚಾಳೀಸು: ಏನು ಒತ್ತಿದೀಯ ಅಂತ ಕಾಣ್ಸೋದೇ ಇಲ್ವಲ್ಲೋ?

ಇನ್‌ಸ್ಪೆಕ್ಟರ್: ಗೊತ್ತಿರೋರಿಗೆ ಕಾಣಬೇಕಾಗಿಲ್ಲ.

ಮೂರನೇ ಸಲಕ್ಕೆ ಸರಿಹೋಯಿತು. ಪ್ಲೇಯರ್ ಬಂದು ಕೂತಿತು. ವಿಡಿಯೋ ಹಾಕಿದರು. ಈ ಸಲ ಕತ್ತಲೆ ಇಲ್ಲ. ಕ್ಲಬ್ಬಿನ ಮೇಜು, ಚೆಸ್ ಬೋರ್ಡು, ಆಚೆ ಚಾಳೀಸು, ಈಚೆ ಇನ್‌ಸ್ಪೆಕ್ಟರು. ಇಬ್ಬರ ತಲೆಯಲ್ಲೂ ಆಗ ಕೂದಲಿತ್ತು. ಆದರೆ ಚಿತ್ರ ಒಂದೇ ಸಮನೆ ಓಡಲಿಲ್ಲ. ತಡವರಿಸಿತು, ನಿಂತಿತು, ಎಗರಿತು. ಇನ್‌ಸ್ಪೆಕ್ಟರ ಕೈ ಬೋರ್ಡಿನ ಮೇಲೆ ಬಂತು. ಇಬ್ಬರೂ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಚಿತ್ರ ನಿಂತಿತು. ಮತ್ತೆ ಹೊರಟಾಗ ಆನೆ ಆಗಲೇ ಮುಂದಿನ ಮನೆಯಲ್ಲಿ ಕೂತಿತ್ತು. ಮುಟ್ಟಿದ್ದೂ ಇಲ್ಲ, ಬಿಟ್ಟಿದ್ದೂ ಇಲ್ಲ. ಬೇಕಾದ ಜಾಗವನ್ನೇ ನುಂಗಿಹಾಕಿತ್ತು.

ಇನ್‌ಸ್ಪೆಕ್ಟರ್: ನೋಡಿದ್ಯಾ! ಮುಟ್ಟಿದ್ದು ಎಲ್ಲಿದೆ ತೋರಿಸು!

ಚಾಳೀಸು: ಇನ್ನೊಂದು ಸಲ ಹಾಕು.

ಐದು ಸಲ ಹಾಕಿದರು. ಐದು ಸಲವೂ ಅಲ್ಲೇ ಎಗರಿತು. ಚಾಳೀಸು ನಿಟ್ಟುಸಿರು ಬಿಟ್ಟು ಸೋಫಾಕ್ಕೆ ಒರಗಿದ. ಅವನ ಮುಖ ಬಾಡಿಹೋಯಿತು. ಹನ್ನೊಂದು ವರ್ಷ ಸುಳ್ಳುಗಾರ ಅನ್ನಿಸಿಕೊಂಡವನು, ಇವತ್ತು ಸತ್ಯ ಕೈಗೆ ಸಿಕ್ಕಿತು ಅಂದುಕೊಂಡು ಬಂದಿದ್ದ. ಪಾಪ ಅನ್ನಿಸುವಂತಿತ್ತು.

ಟೀಚರ್: ಬಚಾವಾದ್ರಿ. ಈಗ ಬಾಯಿ ಮುಚ್ಕೊಂಡು ಅದನ್ನ ಆರಿಸಿಡಿ.

ಹೆಂಡತಿಯ ಮಾತನ್ನು ಒಮ್ಮೆ, ಒಂದೇ ಒಮ್ಮೆ ಕೇಳಿದ್ದರೆ ಇನ್‌ಸ್ಪೆಕ್ಟರು ಗೆದ್ದಿರುತ್ತಿದ್ದರು. ಕಪ್ಪೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಅವರು ಆರಿಸಲು ಬೆರಳನ್ನೂ ಇಟ್ಟಿದ್ದರು. ಅಷ್ಟರಲ್ಲಿ ಚಾಳೀಸು ಎದ್ದು ಚಪ್ಪಲಿ ಮೆಟ್ಟಿಕೊಂಡ.

ಚಾಳೀಸು: ನಿನ್ನ ತಪ್ಪೇನಿಲ್ಲ ಬಿಡು. ಎಷ್ಟಂದ್ರೂ ಆಟದ ಮೆಷಿನ್ನು. ಎಷ್ಟು ಕೈಲಾಗುತ್ತೋ ಅಷ್ಟು ಓಡಿಸ್ತು. ಒಳ್ಳೇ ಕಂಪ್ಯೂಟರ್ ಇರೋರು ಯಾರಾದ್ರೂ ಸಿಕ್ಕಿದ್ರೆ ನೋಡ್ತೀನಿ.

ಇನ್‌ಸ್ಪೆಕ್ಟರ್: ಒಳ್ಳೇ ಕಂಪ್ಯೂಟರ್ ಇರೋರಾ? ಬಾ ಇಲ್ಲಿ! ಕೂತ್ಕೋ! ವಿಡಿಯೋ ಓಡಿಸೋ ಚಿಪ್ಪು ಸುಮ್ಮನೆ ಕೂತಿದೆ, ಪ್ಲೇಯರ್ ಅದಕ್ಕೆ ಕೆಲಸಾನೇ ಹೇಳಿಲ್ಲ. ಹಾರ್ಡ್‌ವೇರ್ ಡಿಕೋಡಿಂಗ್ ಅಂತ ಒಂದಿದೆ, ಅದನ್ನ ಆನ್ ಮಾಡಬೇಕು. ಇಕೋ, ಮಾಡಿದೆ. ಈಗ ನೋಡು!

ಟೀಚರ್: ರೀ…

ಇನ್‌ಸ್ಪೆಕ್ಟರ್: ನೀನು ಸುಮ್ಮನಿರೇ!

ಈಗ ವಿಡಿಯೋ ನೀರು ಹರಿದ ಹಾಗೆ ಹರಿಯಿತು. ಒಂದು ತಡವರಿಕೆ ಇಲ್ಲ. ಇನ್‌ಸ್ಪೆಕ್ಟರ ಮುಖ ಊರಗಲವಾಯಿತು. ತಾವು ಯಾವ ವಿಡಿಯೋ ಓಡಿಸುತ್ತಿದ್ದೇವೆಂಬುದು ಅವರ ತಲೆಯಿಂದ ಪೂರ್ತಿ ಇಳಿದುಹೋಗಿತ್ತು.

ಇನ್‌ಸ್ಪೆಕ್ಟರ್: ನೋಡೋ, ಬೆಣ್ಣೆ ಥರ ಓಡ್ತಿದೆ! ಇಷ್ಟೇ ಅಂದ್ಕೋಬೇಡ. ಈ ಗುಂಡಿ ಒತ್ತಿದ್ರೆ ಒಂದೊಂದೇ ಚಿತ್ರ ಮುಂದಕ್ಕೆ ಹೋಗುತ್ತೆ. ಟಕ್. ಟಕ್. ಇದನ್ನ ಒತ್ತಿದ್ರೆ ಹತ್ತಿರ ಬರುತ್ತೆ. ನಿನ್ನ ಅಂಗಡಿ ಕಂಪ್ಯೂಟರಲ್ಲಿ ಇದೆಯಾ ಇದು? ಇನ್ನೂ ಹತ್ತಿರ ತರ್ತೀನಿ ಇರು. ಉಗುರಿನ ಮಣ್ಣು ಕೂಡ ಕಾಣುತ್ತೆ! ನೋಡು ಇಲ್ಲಿ, ಕುದುರೆ ಕಿವಿ ಮೇಲೆ ಕಿರುಬೆರಳು ಎಷ್ಟು ಸ್ಪಷ್ಟವಾಗಿ…

ಪರದೆಯ ತುಂಬ ಒಂದು ಕಿರುಬೆರಳು, ಒಂದು ಕಿವಿ. ನಡುವೆ ಗಾಳಿ ಆಡುವಷ್ಟೂ ಜಾಗವಿರಲಿಲ್ಲ.

ಚಾಳೀಸು: ಹೇಳು, ಹೇಳು. ಎಷ್ಟು ಸ್ಪಷ್ಟವಾಗಿ?

ಇನ್‌ಸ್ಪೆಕ್ಟರ್: ಅದು… ನೆರಳು ಕಣೋ.

ಚಾಳೀಸು: ನೆರಳಿಗೆ ಉಗುರಿರುತ್ತಾ? ಹನ್ನೊಂದು ವರ್ಷ! ಹನ್ನೊಂದು ವರ್ಷದಿಂದ ಕ್ಲಬ್ಬಲ್ಲಿ ನನ್ನ ಕಂಡ್ರೆ ‘ಕನ್ನಡಕ ಬದಲಾಯಿಸ್ಕೊಳ್ಳಪ್ಪ’ ಅಂತ ಹಂಗಿಸಿದ್ಯಲ್ಲೋ! ನನ್ನ ಗಿರಾಕಿಗಳ ಮುಂದೆ ಬೇರೆ! ನಾಚಿಕೆ ಆಗಲಿಲ್ವಾ ನಿನಗೆ?

ಇನ್‌ಸ್ಪೆಕ್ಟರಿಗೆ ನಾಚಿಕೆ ಆಗಿತ್ತು, ಹನ್ನೊಂದು ವರ್ಷವೂ ಆಗುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ದಾರಿ ಗೊತ್ತಿಲ್ಲದೆ ಇನ್ನಷ್ಟು ಜೋರಾಗಿ ಹಂಗಿಸುತ್ತಿದ್ದರು. ಚಾಳೀಸು ಸೆಟೆದು ನಡೆದುಹೋಗಿ ಬೀರುವಿನ ಬಾಗಿಲು ತೆಗೆದು ಕಪ್ಪನ್ನು ಎತ್ತಿಕೊಂಡ. ಕೂಸನ್ನು ಹಿಡಿದಂತೆ ಎದೆಗವಚಿಕೊಂಡ.

ಚಾಳೀಸು: ಬುಧವಾರ ಎಲ್ಲರಿಗೂ ತೋರಿಸೋಣ. ನ್ಯಾಯ ಅಂದ್ರೆ ನ್ಯಾಯ. ಆಟದಲ್ಲಿ ನಿಯತ್ತು ಮುಖ್ಯ, ಏನಂತೀರಿ ಅತ್ತಿಗೆ?

ಟೀಚರ್: ಹೌದಣ್ಣ, ಮುಖ್ಯ. ರೀ, ಇದು ಹಿಂದಕ್ಕೂ ಹೋಗುತ್ತಾ?

ಮನೆ ಮುಳುಗುತ್ತಿದ್ದರೂ ಈ ಪ್ರಶ್ನೆಗೆ ಉತ್ತರ ಹೇಳದಿರಲು ಇನ್‌ಸ್ಪೆಕ್ಟರಿಗೆ ಸಾಧ್ಯವಿರಲಿಲ್ಲ.

ಇನ್‌ಸ್ಪೆಕ್ಟರ್: ಹೋಗದೆ ಏನು? ಎಡಗಡೆ ಮೇಲಿನ ಗುಂಡಿ ಒತ್ತಿ ಹಿಡ್ಕೋ.

ಟೀಚರು ಯಂತ್ರವನ್ನು ಎತ್ತಿಕೊಂಡು ಒತ್ತಿ ಹಿಡಿದರು. ಕೈಗಳು ಹಿಂದುಹಿಂದಕ್ಕೆ ಓಡಿದವು, ಕಾಯಿಗಳು ಹಿಂದಿನ ಮನೆಗಳಿಗೆ ಮರಳಿದವು. ಒಂದು ಕಡೆ ಇನ್‌ಸ್ಪೆಕ್ಟರ ಕುರ್ಚಿ ಖಾಲಿಯಾಯಿತು. ಅವರು ನೀರು ಕುಡಿಯಲು ಎದ್ದುಹೋಗಿದ್ದ ಹೊತ್ತು. ಟೀಚರು ಬೆರಳೆತ್ತಿದರು. ಮತ್ತೆ ಒಂದೊಂದೇ ಚಿತ್ರ ಮುಂದಕ್ಕೆ ನಡೆಸಿದರು. ಕೆಂಪು ಪೆನ್ನಿನ ತುದಿಯನ್ನು ಪರದೆಗೆ ಇಟ್ಟರು.

ಟೀಚರ್: ಅಣ್ಣಾ, ಒಂದು ನಿಮಿಷ. ನನಗೆ ಚೆಸ್ ಅಷ್ಟಾಗಿ ಬರಲ್ಲ, ಅದಕ್ಕೇ ಕೇಳ್ತೀನಿ. ಸತ್ತ ಒಂಟೆ ಎದ್ದು ಬೋರ್ಡಿಗೆ ಬರೋ ನಿಯಮ ಇದೆಯಾ?

ಚಾಳೀಸು: ಯಾವ… ಯಾವ ಒಂಟೆ?

ಟೀಚರ್: ಇಕೋ, ಪಕ್ಕದಲ್ಲಿ ಹೊಡೆದಿಟ್ಟಿರೋ ಕಾಯಿಗಳಿಂದ ನಿಮ್ಮ ಕೈ ಒಂದನ್ನ ಎತ್ಕೊಳ್ತಾ ಇದೆ. ಆ ಕಡೆ ಈ ಕಡೆ ನೋಡ್ತಿದೀರಿ. ಬೋರ್ಡ್ ಮೇಲೆ ಇಟ್ರಿ. ಕನ್ನಡಕ ಸರಿ ಮಾಡ್ಕೊಂಡ್ರಿ.

ಚಾಳೀಸು ಈಗಲೂ ಕನ್ನಡಕ ಸರಿ ಮಾಡಿಕೊಂಡ. ಇನ್‌ಸ್ಪೆಕ್ಟರು ಯಂತ್ರವನ್ನು ಕಸಿದುಕೊಂಡು ನಾಲ್ಕು ಸಲ ನೋಡಿದರು.

ಇನ್‌ಸ್ಪೆಕ್ಟರ್: ಲೋ! ಆ ಒಂಟೆ ಹೊಡೆದಿದ್ದೆನಲ್ಲ, ಮತ್ತೆ ಎಲ್ಲಿಂದ ಬಂತು ಅಂತ ಅವತ್ತು ತಲೆ ಕೆರ್ಕೊಂಡೆ ಕಣೋ! ನನಗೇ ಮರೆವು ಶುರುವಾಯ್ತು ಅಂದ್ಕೊಂಡು ಡಾಕ್ಟರ್ ಹತ್ರ ಹೋಗಿ ತಲೆ ಸ್ಕ್ಯಾನ್ ಮಾಡಿಸ್ಕೊಂಡೆ! ಮೂರು ತಿಂಗಳು ಮಾತ್ರೆ ನುಂಗಿದೆ!

ಚಾಳೀಸು: ಆ ಹೊತ್ತಿಗೆ ಕ್ಯಾಮೆರಾ ಶುರುವಾಗಿರಲಿಲ್ಲ ಅಂದ್ಕೊಂಡಿದ್ದೆ…

ಇನ್‌ಸ್ಪೆಕ್ಟರ್: ಅಲ್ಲ, ಕದ್ದ ಒಂಟೆ ಇಟ್ಕೊಂಡೂ ಸೋತ್ಯಲ್ಲೋ, ಅದಕ್ಕೇನು ಹೇಳ್ತೀಯ?

ಚಾಳೀಸಿಗೆ ಕಳ್ಳ ಅಂದದ್ದು ಅಷ್ಟಾಗಿ ನಾಟಿರಲಿಲ್ಲ, ಸೋತದ್ದು ಮತ್ತೆ ನಾಟಿತು. ಮೆಲ್ಲಗೆ ಬೀರುವಿನ ಬಳಿಗೆ ಹೋಗಿ ಕಪ್ಪನ್ನು ಇದ್ದ ಜಾಗದಲ್ಲೇ ಇಟ್ಟ. ಬಾಗಿಲು ಮುಚ್ಚಿದ. ಬಂದು ಗೆಳೆಯನ ಪಕ್ಕದಲ್ಲಿ, ತೊಡೆಗೆ ತೊಡೆ ತಾಗುವಂತೆ ಕೂತ. ಹನ್ನೊಂದು ವರ್ಷದಲ್ಲಿ ಇಬ್ಬರೂ ಅಷ್ಟು ಹತ್ತಿರ ಕೂತಿರಲಿಲ್ಲ.

ಚಾಳೀಸು: ನೋಡು, ಆಗಿದ್ದು ಆಗಿಹೋಯ್ತು. ಕಪ್ಪು ನಿನ್ನ ಹತ್ರಾನೇ ಇರ್ಲಿ. ನೀನು ಮುಟ್ಟಲಿಲ್ಲ, ನನ್ನ ಕಣ್ಣೇ ಸರಿಯಿರಲಿಲ್ಲ. ಸರಿನಾ?

ಇನ್‌ಸ್ಪೆಕ್ಟರ್: ಸರಿ. ನಿನ್ನ ಒಂಟೆ ಸತ್ತಿರಲೇ ಇಲ್ಲ. ನನ್ನ ತಲೆಯೇ ಸರಿಯಿರಲಿಲ್ಲ.

ಟೀಚರ್: ಆಹಾ! ಎಂಥ ನಿಯತ್ತು! ಕಾಪಿ ಹೊಡೆದು ಸಿಕ್ಕಿಬಿದ್ದ ನಮ್ಮ ಹಿಂದಿನ ಬೆಂಚಿನೋರೂ ಇಷ್ಟು ಬೇಗ ರಾಜಿ ಆಗಲ್ಲ.

ಚಾಳೀಸು: ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ, ಇದು ಈ ಮನೆ ದಾಟಬಾರದು. ಅಂಗಡಿ ನಡೆಯೋದೇ ಜನರ ನಂಬಿಕೆ ಮೇಲೆ. ಲೋ, ವಿಡಿಯೋ ಅಳಿಸಿಹಾಕು. ಕಾರ್ಡನ್ನ ನಾನು ತುಂಡು ಮಾಡ್ತೀನಿ.

ಇನ್‌ಸ್ಪೆಕ್ಟರ್: ಹ್ಞೂಂ. ಅಳಿಸಿಬಿಡೋಣ. ಆದರೆ ವಿಡಿಯೋ ಏನಾಯ್ತು ಅಂತ ಬುಧವಾರ ಕ್ಲಬ್ಬಲ್ಲಿ ಎಲ್ಲರೂ ಕೇಳ್ತಾರಲ್ಲ?

ಚಾಳೀಸು: ಅದೇನು ಮಹಾ? ನಿನ್ನ ಮೆಷಿನ್ನಲ್ಲಿ ಓಡಲಿಲ್ಲ ಅಂದ್ಬಿಡು.

ಇನ್‌ಸ್ಪೆಕ್ಟರ ಬೆರಳು ಅಳಿಸುವ ಗುಂಡಿಯ ಮೇಲೇ ನಿಂತಿತು.

ಇನ್‌ಸ್ಪೆಕ್ಟರ್: ಏನಂದ್ಬಿಡ್ಬೇಕು?

ಚಾಳೀಸು: ಓಡಲಿಲ್ಲ ಅಂತ. ಆಟದ ಸಾಮಾನು, ಕೈಲಾಗಲಿಲ್ಲ ಅಂತ. ಒಂದೇ ಮಾತು. ಎಲ್ಲರೂ ಒಂದು ಸಲ ನಗ್ತಾರೆ, ಅಲ್ಲಿಗೆ ಮುಗೀತು. ನನ್ನ ಮಾನಾನೂ ಉಳಿಯುತ್ತೆ, ನಿನ್ನ ಮಾನಾನೂ ಉಳಿಯುತ್ತೆ.

ಇನ್‌ಸ್ಪೆಕ್ಟರು ಕಪ್ಪನ್ನು ನೋಡಿದರು. ಕೈಯಲ್ಲಿದ್ದ ಯಂತ್ರವನ್ನು ನೋಡಿದರು. ಪರದೆಯ ಮೇಲೆ ವಿಡಿಯೋ ಒಂದಿಷ್ಟೂ ತಡವರಿಸದೆ ಓಡುತ್ತಿತ್ತು. ಅವರ ಕಿವಿ ಕೆಂಪಾಗತೊಡಗಿತು. ಮೂವತ್ತು ವರ್ಷ ಸಂಸಾರ ಮಾಡಿದ ಟೀಚರಿಗೆ ಆ ಕೆಂಪಿನ ಅರ್ಥ ತಿಳಿದಿತ್ತು. ಪೆನ್ನಿನ ಮುಚ್ಚಳ ಹಾಕಿ, ಕೈಕಟ್ಟಿ, ನೋಡಲು ಕೂತರು.

ಇನ್‌ಸ್ಪೆಕ್ಟರ್: ಕುದುರೆ ಮುಟ್ಟಿದೆ ಅಂತ ಹೇಳ್ತೀನಿ. ಮೋಸ ಮಾಡ್ದೆ ಅಂತ ಹೇಳ್ತೀನಿ. ಹನ್ನೊಂದು ವರ್ಷ ಸುಳ್ಳು ಹೇಳ್ದೆ ಅಂತ ಮೈಕ್ ಹಿಡ್ಕೊಂಡು ಹೇಳ್ತೀನಿ. ನನ್ನ ಲಿನಕ್ಸಲ್ಲಿ ಓಡಲಿಲ್ಲ ಅಂತ ಮಾತ್ರ ಸತ್ತರೂ ಹೇಳಲ್ಲ!

ಚಾಳೀಸು: ಲೋ, ದಮ್ಮಯ್ಯ! ಹುಚ್ಚಾ ನಿನಗೆ? ಇಬ್ಬರೂ ಹಾಳಾಗ್ತೀವಿ ಕಣೋ!

ಇನ್‌ಸ್ಪೆಕ್ಟರ್: ಆಗ್ಲಿ. ನೀನು ಒಂದು ಟಿವಿ ಕೇಬಲ್ ಮಾತ್ರ ಮರೀದೆ ತಗೊಂಡು ಬಾ. ಕ್ಲಬ್ಬಿನ ದೊಡ್ಡ ಟಿವಿಗೆ ಹಾಕಿದ್ರೆ ನಿನ್ನ ಒಂಟೆ ಇನ್ನೂ ಚೆನ್ನಾಗಿ ಕಾಣುತ್ತೆ!